ಹೊಲಿಗೆಯಿಲ್ಲದೆ ಕೂರುವ ಹೃದಯ ಕವಾಟ

ಕೆ.ಆರ್. ನಗರದ ಕಡೆ ಚಾಮರಾಜ ನಾಲೆಯ ನೀರು ನಂಬಿ ಭತ್ತ ಬೆಳೆಯುವವರಿಗೆ ತೂಬಿನ ಬೆಲೆ ಗೊತ್ತು. ತೂಬು ಅರ್ಧಕ್ಕೇ ಸಿಕ್ಕಿಕೊಂಡರೆ ಹಿಂದೆ ನೀರು ಒತ್ತುತ್ತದೆ, ಮುಂದೆ ಗದ್ದೆ ಒಣಗುತ್ತದೆ. ಹೃದಯದ ಎಡಕೋಣೆಯಿಂದ ಮೈಗೆಲ್ಲ ರಕ್ತ ಹೊರಡುವ ಬಾಯಲ್ಲೂ ಇಂಥ ತೂಬೊಂದಿದೆ. ಅದೇ ಮಹಾಪಧಮನಿ ಕವಾಟ. ತೆಳುವಾದ ಮೂರು ಎಸಳುಗಳ ಈ ಕವಾಟ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ. ಆರೋಗ್ಯವಾಗಿದ್ದಾಗ ಅದರ ಬಾಯಿ 3ರಿಂದ 4 ಚದರ ಸೆಂಟಿಮೀಟರ್. ವಯಸ್ಸಾದಂತೆ ಸುಣ್ಣದಂಶ ಕಟ್ಟಿಯೋ, ಹುಟ್ಟಿನಿಂದಲೇ ಎರಡೇ ಎಸಳಿದ್ದೋ, ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದೋ ಅದು 1 ಚದರ ಸೆಂಟಿಮೀಟರ್‌ಗಿಂತ ಕಿರಿದಾದರೆ ರೋಗ ತೀವ್ರವಾಗಿದೆ ಎಂದರ್ಥ.

ವಯಸ್ಸಿನ ಮೇಲೆ ಹಾಕಬೇಡಿ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊರುವಾಗ ಏದುಸಿರು, ಗದ್ದೆ ಬದು ಹತ್ತುವಾಗ ಎದೆ ಹಿಡಿದಂತಾಗುವುದು, ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬೀಳುವುದು. ಈ ಮೂರೂ ಕವಾಟ ಕಿರಿದಾದದ್ದರ ಸೂಚನೆಯಾಗಿರಬಹುದು. ‘ವಯಸ್ಸಾಯ್ತು, ಇನ್ನೇನು’ ಎಂದು ಸುಮ್ಮನಾಗುವುದೇ ದೊಡ್ಡ ಅಪಾಯ. ರೋಗ ತೀವ್ರವಾಗಿ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಪಡೆಯದವರಲ್ಲಿ ಅರ್ಧದಷ್ಟು ಮಂದಿ ಸುಮಾರು ಎರಡು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಮಾತ್ರೆ ಕವಾಟವನ್ನು ಅಗಲ ಮಾಡುವುದಿಲ್ಲ. ಸ್ಟೆತಾಸ್ಕೋಪ್‌ನಲ್ಲಿ ಕೇಳುವ ಮರ್ಮರ ಶಬ್ದ ಮೊದಲ ಸುಳಿವು. ಎಕೋ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಈ ತಾಲ್ಲೂಕುಗಳಿಗೆಲ್ಲ ಹತ್ತಿರದ ದೊಡ್ಡ ಸರ್ಕಾರಿ ಆಸರೆ.

ಹೊಸತೇನು?

ಹಳೆಯ ಕ್ರಮದಲ್ಲಿ ಎದೆಮೂಳೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಹೃದಯವನ್ನು ನಿಲ್ಲಿಸಿ, ಹಾಳಾದ ಕವಾಟ ತೆಗೆದು, ಹೊಸದನ್ನು ಸುತ್ತಲೂ ಹತ್ತಾರು ಹೊಲಿಗೆ ಹಾಕಿ ಕೂರಿಸುತ್ತಾರೆ. ಒಂದೊಂದು ಹೊಲಿಗೆಗೂ ಗಂಟು ಬೀಳಬೇಕು. ಕಿರುಗಾಯದ ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯ ಮೇಲ್ಭಾಗವನ್ನಷ್ಟೇ ಬಿಡಿಸುತ್ತಾರೆ, ಇಲ್ಲವೇ ಬಲಗಡೆ ಪಕ್ಕೆಲುಬುಗಳ ಸಂದಿನಿಂದ ಒಳಹೋಗುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಗಂಟು ಹಾಕುವುದು ಕಷ್ಟ, ಹೊತ್ತೂ ಹಿಡಿಯುತ್ತದೆ. ಹೊಲಿಗೆರಹಿತ ಕವಾಟ ನೆರವಿಗೆ ಬರುವುದು ಇಲ್ಲೇ. ‘ಪರ್ಸೆವಲ್’ ಎಂಬ ಕವಾಟದಲ್ಲಿ ದನದ ಹೃದಯದ ಹೊರಪೊರೆಯಿಂದ ಮಾಡಿದ ಎಸಳುಗಳನ್ನು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹದ ಚೌಕಟ್ಟಿಗೆ ಜೋಡಿಸಿರುತ್ತಾರೆ. ಅದನ್ನು ಮಡಿಸಿ ಒಳಗಿಟ್ಟು ಬಿಟ್ಟರೆ ತಾನೇ ಅರಳಿ, ಕವಾಟದ ಜಾಗವನ್ನು ಒತ್ತಿಹಿಡಿದು ಕೂರುತ್ತದೆ. ದಾರಿ ತೋರಲು ಬಳಸಿದ ಮೂರು ದಾರಗಳನ್ನು ಆಮೇಲೆ ತೆಗೆದುಬಿಡುತ್ತಾರೆ.

ಫಲಿತಾಂಶ ಹೇಗಿದೆ?

ಸುಮಾರು 900 ಮಂದಿಯನ್ನು ಹೊಲಿಗೆ ಹಾಕುವ ಕವಾಟದವರು, ಹೊಲಿಗೆರಹಿತ ಕವಾಟದವರು ಎಂದು ಎರಡು ಗುಂಪು ಮಾಡಿ ನಡೆಸಿದ ‘ಪರ್ಸಿಸ್ಟ್’ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಹೃದಯಕ್ಕೆ ರಕ್ತ ತಡೆಹಿಡಿಯುವ ಅವಧಿ ಸುಮಾರು 65 ನಿಮಿಷದಿಂದ 49 ನಿಮಿಷಕ್ಕೆ ಇಳಿಯಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಸುಮಾರು ಶೇ 92 ಮಂದಿ ದೊಡ್ಡ ತೊಡಕಿಲ್ಲದೆ ಇದ್ದರು. ಅಂದರೆ ಸಮಯ ಉಳಿಯಿತು, ಸುರಕ್ಷತೆ ಸರಿಸಮವಾಗಿತ್ತು. ಆದರೆ ಪೇಸ್‌ಮೇಕರ್ ಹಾಕಿಸಿಕೊಳ್ಳಬೇಕಾಗಿ ಬಂದವರು ಹೊಲಿಗೆ ಹಾಕಿದ ಗುಂಪಿನಲ್ಲಿ ಸುಮಾರು ಶೇ 4, ಹೊಲಿಗೆರಹಿತದಲ್ಲಿ ಸುಮಾರು ಶೇ 11. ಒತ್ತಿಹಿಡಿದ ಚೌಕಟ್ಟು ಪಕ್ಕದಲ್ಲೇ ಹಾದುಹೋಗುವ ಮಿಡಿತದ ವಿದ್ಯುತ್ ದಾರಿಗೆ ತಾಗುವುದೇ ಇದಕ್ಕೆ ಕಾರಣ.

ಊರಿಗೆ ಮರಳಿದ ಮೇಲೆ

ಶಸ್ತ್ರಚಿಕಿತ್ಸೆ ಗೆದ್ದಿತೇ ಎಂಬುದು ನಮ್ಮ ತಾಲ್ಲೂಕಿನವರಿಗೆ ತಿಳಿಯುವುದು ಆಸ್ಪತ್ರೆಯಲ್ಲಲ್ಲ, ಊರಿನಲ್ಲಿ. ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲು ಅಳವಡಿಸಿದ ಚಿತ್ರಾ ಕವಾಟ ಈ ಬಗೆಯದು. ಆದರೆ ಅದಕ್ಕೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ಬೇಕು, ಮತ್ತೆ ಮತ್ತೆ ರಕ್ತಪರೀಕ್ಷೆಯೂ ಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವರಿಗೆ ಪ್ರತಿ ಪರೀಕ್ಷೆಯೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಪರ್ಸೆವಲ್‌ನಂಥ ಜೈವಿಕ ಕವಾಟಕ್ಕೆ ಸಾಮಾನ್ಯವಾಗಿ ಆ ಮಾತ್ರೆ ಜೀವನಪೂರ್ತಿ ಬೇಡ. ಆದರೆ 10ರಿಂದ 15 ವರ್ಷದಲ್ಲಿ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ಆದ್ದರಿಂದ ಇದು ಹೆಚ್ಚಾಗಿ ಹಿರಿಯರಿಗೆ ಒಪ್ಪುವ ಕವಾಟ. ಬೆಲೆಯೂ ಮಾಮೂಲಿ ಕವಾಟಕ್ಕಿಂತ ಜಾಸ್ತಿ.

ವೈದ್ಯರನ್ನು ಕೇಳಿ

1. ನಮ್ಮ ವಯಸ್ಸಿಗೆ, ನಮ್ಮ ಕವಾಟದ ಆಕಾರಕ್ಕೆ ಯಾವುದು ಹೊಂದುತ್ತದೆ?
2. ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ದಾರಿ ನಮಗಿದೆಯೇ?
3. ರಕ್ತಪರೀಕ್ಷೆಯನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದೇ?
4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಥವಾ ಯಶಸ್ವಿನಿ ಯೋಜನೆಯಲ್ಲಿ ಎಷ್ಟು ಖರ್ಚು ಸಿಗುತ್ತದೆ?
5. ಮತ್ತೆ ಭಾರ ಎತ್ತುವುದು ಯಾವಾಗ?

ಈ ಐದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರವನ್ನೂ ಅದರಲ್ಲೇ ಬರೆದುಕೊಂಡು ಬನ್ನಿ. ಆಮೇಲೆ ಮನೆಯವರೆಲ್ಲ ಕೂತು ಯಾವ ಕವಾಟ ಎಂದು ತೀರ್ಮಾನಿಸಿ.