ಮೋಕಾ ಪಾಟಿನ ರಬ್ಬರ್ ಎಲ್ಲಿ ಸಿಗುತ್ತದೆ?

ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಕುಕ್ಕರಿನ ರಬ್ಬರ್ ಸಡಿಲವಾದರೆ ಯಾರೂ ಕುಕ್ಕರನ್ನೇ ಎಸೆಯುವುದಿಲ್ಲ. ಹಳೆಯ ರಬ್ಬರನ್ನು ಕೈಯಲ್ಲಿ ಹಿಡಿದು ಪಾತ್ರೆ ಅಂಗಡಿಗೆ ಹೋದರೆ ಸಾಕು. ಯಾವ ಕಂಪನಿ, ಎಷ್ಟು ಲೀಟರಿನದು ಎಂದು ಕೇಳಿ ಹೊಸದನ್ನು ತೆಗೆದುಕೊಡುತ್ತಾರೆ. ಅದೇ ಊರುಗಳ ಮಕ್ಕಳು ಓದಿಗೋ ನೌಕರಿಗೋ ಮ್ಯೂನಿಕ್, ಲಂಡನ್, ನ್ಯೂಜೆರ್ಸಿ ಸೇರಿದಾಗ ಈ ರೂಢಿ ಕೈತಪ್ಪುತ್ತದೆ. ಒಲೆಯ ಮೇಲಿಟ್ಟ ಮೋಕಾ ಪಾಟ್ ಎಂಬ ಕಾಫಿ ಪಾತ್ರೆ ಒಂದು ಬೆಳಗ್ಗೆ ನಡುವಿನಲ್ಲಿ ಬುಸುಗುಟ್ಟತೊಡಗಿದರೆ, ಇದಕ್ಕೆ ಬಿಡಿಭಾಗ ಎಲ್ಲಿ ಸಿಕ್ಕೀತು ಎಂದುಕೊಂಡು ಇಡೀ ಪಾತ್ರೆಯನ್ನೇ ಕಸಕ್ಕೆ ಹಾಕುವವರಿದ್ದಾರೆ. ಕೆಟ್ಟಿರುವುದು ಬಹುಪಾಲು ಒಂದು ರಬ್ಬರ್ ಬಳೆ ಮಾತ್ರ.

ಮೋಕಾ ಪಾಟ್ ಹುಟ್ಟಿದ್ದು ಉತ್ತರ ಇಟಲಿಯ ಪೀಡ್ಮಾಂಟ್ ಸೀಮೆಯಲ್ಲಿ. ಅಲ್ಲಿನ ಕ್ರುಸಿನಾಲ್ಲೊ ಎಂಬಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ನಡೆಸುತ್ತಿದ್ದ ಅಲ್ಫೋನ್ಸೊ ಬಿಯಾಲೆಟ್ಟಿ 1933ರಲ್ಲಿ ಎಂಟು ಮುಖದ ಈ ಪಾತ್ರೆಯನ್ನು ಹೊರತಂದರು. ಎರಡನೇ ಮಹಾಯುದ್ಧದ ನಂತರ ಮಗ ರೆನಾಟೊ ಜಾಹೀರಾತಿನ ಬಲದಿಂದ ಅದನ್ನು ಇಟಲಿಯ ಮನೆಮನೆಗೂ ಮುಟ್ಟಿಸಿದರು. ಅದರ ಮೂಲ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಬಿಡಿಭಾಗ ಹುಡುಕುವವರಿಗೆ ಇದೇ ದೊಡ್ಡ ಅನುಕೂಲ.

ನಮ್ಮ ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ತಾನಾಗಿಯೇ ಕೆಳಗೆ ತೊಟ್ಟಿಕ್ಕುತ್ತದೆ. ಅಲ್ಲಿ ಒತ್ತಡವಿಲ್ಲ, ಆದ್ದರಿಂದ ರಬ್ಬರೂ ಇಲ್ಲ, ವಾಲ್ವೂ ಇಲ್ಲ. ಮೋಕಾ ಪಾಟಿನ ಕೆಲಸ ತಿರುವುಮುರುವು. ತಳದ ಪಾತ್ರೆಯ ನೀರು ಕಾದಂತೆ ಒಳಗೆ ಸಿಕ್ಕಿಕೊಂಡ ಗಾಳಿಯೂ ಹಬೆಯೂ ಹಿಗ್ಗಿ, ಬಿಸಿನೀರನ್ನು ಆಲಿಕೆಯ ಮೂಲಕ ಪುಡಿಯೊಳಕ್ಕೆ, ಅಲ್ಲಿಂದ ಮೇಲಿನ ಪಾತ್ರೆಗೆ ದೂಡುತ್ತವೆ. ಎರಡು ಪಾತ್ರೆಗಳು ತಿರುಪಿನಲ್ಲಿ ಕೂಡುವ ಜಾಗದಲ್ಲಿ ಹಬೆ ಸೋರದಂತೆ ತಡೆಯುವುದೇ ಗ್ಯಾಸ್ಕೆಟ್, ಅಂದರೆ ಆ ರಬ್ಬರ್ ಬಳೆ. ದಿನವೂ ಬೆಂದು ಬೆಂದು ಅದು ಗಟ್ಟಿಯಾಗುತ್ತದೆ, ಕಂದುಬಣ್ಣಕ್ಕೆ ತಿರುಗುತ್ತದೆ, ಬಗ್ಗಿಸಿದರೆ ಸಣ್ಣಗೆ ಬಿರುಕು ಬಿಡುತ್ತದೆ. ಆಗ ಎಷ್ಟು ಬಿಗಿದರೂ ಅಂಚಿನಲ್ಲಿ ನೀರು ಜಿನುಗುತ್ತದೆ. ಮೇಲೆ ಬರುವ ಕಾಫಿ ಕಡಿಮೆಯಾಗಿ ಅರ್ಧ ನೀರು ತಳದಲ್ಲೇ ಉಳಿಯುತ್ತದೆ. ಅಂಚಿಗೆ ಕಾಫಿಪುಡಿ ಅಂಟಿದ್ದರೂ ಹೀಗೇ ಆಗುವುದರಿಂದ ಮೊದಲು ಅದನ್ನು ಒರೆಸಿ ನೋಡಬೇಕು.

ಹೊಸದನ್ನು ಕೊಳ್ಳುವಾಗ ಬೇಕಾದ ಮಾಹಿತಿ ಮೂರು: ಕಂಪನಿ, ಕಪ್ಪಿನ ಲೆಕ್ಕ, ಲೋಹ. ಕಪ್ಪೆಂದರೆ ಇಟಲಿಯ ಪುಟ್ಟ ಕಪ್ಪು, 50 ಮಿಲಿಲೀಟರ್ ಆಸುಪಾಸು. ಇಬ್ಬರು ಕುಡಿಯುತ್ತೇವೆ, ಹಾಗಾಗಿ ನಮ್ಮದು ಎರಡು ಕಪ್ಪಿನದು ಎಂದು ಲೆಕ್ಕ ಹಾಕಿದರೆ ತಪ್ಪಾದ ಅಳತೆ ಮನೆಗೆ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಬಳೆ ಅಷ್ಟೇ ಕಪ್ಪಿನ ಸ್ಟೀಲ್ ಪಾತ್ರೆಗೆ ಕೂರುತ್ತದೆ ಎಂಬ ಭರವಸೆಯೂ ಇಲ್ಲ. ಚಮಚದ ಹಿಡಿಯಿಂದ ಹಳೆಯ ಬಳೆಯನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಒಳವ್ಯಾಸ ಹೊರವ್ಯಾಸ ಎರಡನ್ನೂ ಮಿಲಿಮೀಟರಿನಲ್ಲಿ ಅಳೆದುಕೊಳ್ಳುವುದೇ ನಂಬಿಕಸ್ತ ದಾರಿ. ಅದರ ಹಿಂದಿರುವ ಜಾಲರಿ ಬಿಲ್ಲೆಯೂ ಆಗ ಕೈಗೆ ಬರುತ್ತದೆ. ಮೂರು ಬಳೆ, ಒಂದು ಬಿಲ್ಲೆ ಸೇರಿದ ಪೊಟ್ಟಣಗಳು ಮಾರುಕಟ್ಟೆಯಲ್ಲಿ ಸಾಮಾನ್ಯ.

ಇಟಲಿ, ಸ್ಪೇನ್‌ಗಳಲ್ಲಿರುವ ಕನ್ನಡಿಗರಿಗೆ ಇದು ಕಷ್ಟವೇ ಅಲ್ಲ. ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ನಮ್ಮವರು ಮೊದಲು ನೋಡುವುದು ಭಾರತೀಯ ದಿನಸಿ ಅಂಗಡಿ. ಅಲ್ಲಿ ಕುಕ್ಕರ್ ರಬ್ಬರ್ ಸಿಕ್ಕೀತು, ಮೋಕಾ ರಬ್ಬರ್ ಅನುಮಾನ. ಕ್ಯೂಬಾದವರೂ ಇತರ ಲ್ಯಾಟಿನ್ ಅಮೆರಿಕನ್ನರೂ ಇದೇ ಬಗೆಯ ಪಾತ್ರೆಯಲ್ಲಿ ಕಾಫಿ ಮಾಡುವುದರಿಂದ ಅವರ ಬಡಾವಣೆಯ ಅಂಗಡಿಗಳಲ್ಲಿ ವಿಚಾರಿಸುವುದು ಮೇಲು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಟಲಿಯವರ ಹಳೆಯ ನೆಲೆಯಾದ ಕಾರ್ಲ್ಟನ್ ಕಡೆ ಹೋಗಬೇಕು. ಎಲ್ಲೂ ಸಿಗದಿದ್ದರೆ ಆನ್‌ಲೈನ್ ಇದ್ದೇ ಇದೆ, ಅಳತೆ ಗೊತ್ತಿದ್ದರೆ.

ಬಳೆಯ ವಿಷಯದಲ್ಲಿ ಬೇರೆ ಕಂಪನಿಯದಾದರೂ ಅಳತೆ ಸರಿಹೊಂದಿದರೆ ನಡೆದೀತು. ಸೇಫ್ಟಿ ವಾಲ್ವಿನ ವಿಷಯದಲ್ಲಿ ಅಂಥ ಹೊಂದಾಣಿಕೆ ಕೂಡದು. ತಳದ ಪಾತ್ರೆಯ ಬದಿಯಲ್ಲಿರುವ ಈ ಪುಟ್ಟ ಹಿತ್ತಾಳೆ ವಾಲ್ವ್, ಒಳಗಿನ ಒತ್ತಡ ಮಿತಿ ಮೀರಿದಾಗ ಹಬೆಯನ್ನು ಹೊರಬಿಡುತ್ತದೆ. ನೀರು ಯಾವಾಗಲೂ ಅದರಿಂದ ಕೆಳಗೇ ಇರಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಚಳ್ಳಕೆರೆ ಸೀಮೆಯವರು ಬಲ್ಲರು. ಲಂಡನ್, ಮ್ಯೂನಿಕ್‌ಗಳ ನೀರೂ ಗಡಸೇ. ಆ ಸುಣ್ಣ ವಾಲ್ವಿಗೆ ಕಟ್ಟಿದರೆ ಅದು ತೆರೆಯದೆ ಹೋಗಬಹುದು. ವಿನೆಗರ್ ಬೆರೆಸಿದ ನೀರಿನಿಂದ ಆಗಾಗ ತೊಳೆಯಬೇಕು. ಅಲ್ಯೂಮಿನಿಯಮ್ಮನ್ನು ಹುಳಿನೀರಿನಲ್ಲಿ ಬಹಳ ಹೊತ್ತು ನೆನೆಹಾಕಬಾರದು, ಡಿಶ್‌ವಾಶರಿಗೂ ಹಾಕಬಾರದು. ವಾಲ್ವ್ ಕಚ್ಚಿಕೊಂಡು ಅಲುಗಾಡದಿದ್ದರೆ ಆ ಪಾತ್ರೆಯನ್ನು ಒಲೆಗೆ ಇಡುವಂತಿಲ್ಲ.

ಕನ್ನಡದ ಮನೆಗಳಿಗೆ ಇನ್ನೊಂದು ಎಚ್ಚರ ಬೇಕು. ಊರಿಂದ ಬರುವ ಕಾಫಿಪುಡಿಯಲ್ಲಿ ಚಿಕೋರಿ ಇರುತ್ತದೆ. ಇಂಥ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಲೇಬೇಕೆಂಬುದು ನಮ್ಮ ಆಹಾರ ನಿಯಮ. ಅಂದರೆ ಉಳಿದರ್ಧದಷ್ಟು ಚಿಕೋರಿಯೇ ಇರಬಹುದು. ನುಣ್ಣಗಿನ ಚಿಕೋರಿ ಪುಡಿಯನ್ನು ಮೋಕಾ ಪಾಟಿಗೆ ಒತ್ತಿ ತುಂಬಿದರೆ ನೀರಿನ ದಾರಿ ಕಟ್ಟಿ ಒತ್ತಡ ಏರುತ್ತದೆ. ತುಸು ತರಿಯಾಗಿ ಬೀಸಿದ ಅಪ್ಪಟ ಕಾಫಿಯನ್ನು ಒತ್ತದೆ, ಹಗುರವಾಗಿ ತುಂಬಬೇಕು.

ಹೊಸ ಬಳೆ ಹಾಕುವಾಗ ಮೊದಲು ಜಾಲರಿ ಬಿಲ್ಲೆ, ಆಮೇಲೆ ಬಳೆ. ಸುತ್ತಲೂ ಬೆರಳಾಡಿಸಿ ಎಲ್ಲೂ ಉಬ್ಬಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಿರುಪು ಬಿಗಿಯುವಾಗ ಹಿಡಿಯನ್ನು ಹಿಡಿದು ತಿರುಗಿಸಿದರೆ ಅದೇ ಮುರಿದೀತು, ಪಾತ್ರೆಯ ಮೈಯನ್ನೇ ಹಿಡಿಯಬೇಕು. ಮೊದಲ ಸಲ ಪುಡಿ ಹಾಕದೆ ಬರೀ ನೀರನ್ನು ಸಣ್ಣ ಉರಿಯಲ್ಲಿ ಕಾಯಿಸಿ ಚೆಲ್ಲಬೇಕು. ಅಂಚು ಒಣಗಿದ್ದು, ನೀರೆಲ್ಲ ಮೇಲೇರಿದ್ದರೆ ಮಾರನೆಯ ಬೆಳಗ್ಗೆಯೇ ಪುಡಿ ಹಾಕಬಹುದು.