ವಾಲ್ವಿನ ಸತ್ತ್ವವನ್ನು ಅಳೆಯುವ ಯಂತ್ರ

ಗಾಜಿನ ಬುರುಡೆ ನಿರ್ಮಲವಾಗಿ, ಒಳಗಿನ ಹೀಟರು ಕೆಂಪಗೆ ಬೆಳಗುತ್ತಿದ್ದರೂ, ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಕ್ಯಾಥೋಡಿನ ಲೇಪ ಸತ್ತ್ವಹೀನವಾಗಿದ್ದರೆ ಆ ರೇಡಿಯೊ ವಾಲ್ವು ನಿರುಪಯುಕ್ತವೇ ಸರಿ. ಆದಕಾರಣ ಹಳೆಯ ರೇಡಿಯೊ, ಆಂಪ್ಲಿಫೈಯರುಗಳನ್ನು ಜತನದಿಂದ ಕಾಪಾಡುವವರಿಗೆ ಪರೀಕ್ಷಾಯಂತ್ರವೊಂದು ಅನಿವಾರ್ಯ; ಅದನ್ನು ಆರಿಸುವುದಕ್ಕಾದರೋ ಸಾಕಷ್ಟು ವಿವೇಕ ಬೇಕು.

ಅಗ್ಗದ ಯಂತ್ರಗಳು ಬಹುಮಟ್ಟಿಗೆ ಎಮಿಷನ್ ಪರೀಕ್ಷಕಗಳು. ಇವು ಗ್ರಿಡ್ಡುಗಳನ್ನೂ ಆನೋಡನ್ನೂ ಒಂದಾಗಿ ಜೋಡಿಸಿ, ವಾಲ್ವನ್ನು ಬರಿಯ ಡಯೋಡಾಗಿ ಮಾಡಿ, ಹರಿಯುವ ವಿದ್ಯುತ್ತನ್ನಷ್ಟೇ ಅಳೆಯುತ್ತವೆ. ಸತ್ತ ವಾಲ್ವನ್ನು ಬೇರ್ಪಡಿಸಲು ಇಷ್ಟು ಸಾಕು. ಆದರೆ ವಾಲ್ವಿನ ನಿಜವಾದ ಕಾರ್ಯ ಗ್ರಿಡ್ಡಿನ ಅಲ್ಪ ವೋಲ್ಟೇಜಿನಿಂದ ಆನೋಡಿನ ಪ್ರವಾಹವನ್ನು ನಿಯಂತ್ರಿಸುವುದಾದ್ದರಿಂದ, ಆ ನಿಯಂತ್ರಣದ ಪ್ರಮಾಣವನ್ನೇ, ಅಂದರೆ ಮ್ಯೂಚುಯಲ್ ಕಂಡಕ್ಟೆನ್ಸನ್ನು, ಅಳೆಯುವ ಯಂತ್ರವೇ ವಿಶ್ವಾಸಾರ್ಹವೆಂಬುದು ನನ್ನ ದೃಢವಾದ ಅಭಿಪ್ರಾಯ. ಇಎಲ್84 ಎಂಬ ವಾಲ್ವಿಗೆ ಆನೋಡಿನಲ್ಲೂ ಸ್ಕ್ರೀನಿನಲ್ಲೂ 250 ವೋಲ್ಟು, ಗ್ರಿಡ್ಡಿಗೆ ಮೈನಸ್ 7.3 ವೋಲ್ಟು ಕೊಟ್ಟಾಗ 48 ಮಿಲಿಆಂಪಿಯರ್ ಹರಿದು, ಪ್ರತಿ ವೋಲ್ಟಿಗೆ 11.3 ಮಿಲಿಆಂಪಿಯರ್ ಏರಿಳಿತ ಕಾಣಬೇಕು. ಈ ಅಂಕೆಗಳೊಡನೆ ಹೋಲಿಸಿ ನೋಡುವುದಕ್ಕೆ ಅನುವಾಗದ ಯಂತ್ರದ ತೀರ್ಪನ್ನು ನಾನು ನಂಬಲಾರೆ.

ಈ ವರ್ಗದಲ್ಲಿ ಪ್ರಖ್ಯಾತವಾದುದು ಲಂಡನ್ನಿನ ಆವೋ ಸಂಸ್ಥೆಯ ವಾಲ್ವ್ ಕ್ಯಾರೆಕ್ಟರಿಸ್ಟಿಕ್ ಮೀಟರು. ಬ್ರಿಟಿಷ್ ಸೈನ್ಯಕ್ಕಾಗಿ ತಯಾರಾದ ಅದರ ಸಿಟಿ160 ಮಾದರಿಯ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿದರೆ ನಾನಾ ಬಗೆಯ ವಾಲ್ವುಗಳ ಸಾಕೆಟ್ಟುಗಳು ಸಾಲಾಗಿ ಕಾಣುತ್ತವೆ. ಬೆರಳಿನಿಂದ ಉರುಳಿಸುವ ಒಂಬತ್ತು ಗಾಲಿಗಳಲ್ಲಿ ಒಂದೊಂದೂ ಒಂದು ಪಿನ್ನಿನ ಹೊಣೆ ಹೊತ್ತು, ಅದು ಕ್ಯಾಥೋಡಿಗೋ ಗ್ರಿಡ್ಡಿಗೋ ಆನೋಡಿಗೋ ಸೇರಬೇಕೆಂಬುದನ್ನು ನಿರ್ಧರಿಸುತ್ತದೆ. ಅಮೆರಿಕೆಯ ಕ್ಲೀವ್‌ಲ್ಯಾಂಡಿನ ಹಿಕಾಕ್ ಸಂಸ್ಥೆಯ ಯಂತ್ರಗಳೂ ಗೌರವಾರ್ಹವಾದವು. ಆದರೆ ಅವುಗಳಲ್ಲಿ ಅನೇಕವುಗಳೊಳಗಿನ 83 ಎಂಬ ಪಾದರಸದ ಆವಿಯ ರೆಕ್ಟಿಫೈಯರನ್ನು ತೆಗೆದು ಅರೆವಾಹಕದ ಡಯೋಡುಗಳನ್ನು ಕೂರಿಸಿದವರು, ಬಳಿಕ ಯಂತ್ರವನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದ್ದಾರೆಯೇ ಎಂದು ವಿಚಾರಿಸದೆ ಕೊಳ್ಳಬಾರದು.

ಯಂತ್ರ ಯಾವುದಾದರೂ, ವಾಲ್ವಿನ ಒಳಭಾಗಗಳು ಒಂದಕ್ಕೊಂದು ತಗುಲಿವೆಯೇ ಎಂದು ನೋಡುವ ಶಾರ್ಟ್ ಪರೀಕ್ಷೆಯನ್ನು ವಾಲ್ವು ಕಾದ ಮೇಲೆಯೂ ಮಾಡುವ ಅನುಕೂಲವಿರಬೇಕು. ಹೀಟರಿಗೂ ಕ್ಯಾಥೋಡಿಗೂ ನಡುವಣ ಸೋರಿಕೆ ತಣ್ಣಗಿರುವಾಗ ಅಡಗಿದ್ದು ಬಿಸಿಯಲ್ಲಿ ಪ್ರಕಟವಾಗುವುದುಂಟು. ನಿರ್ವಾತ ಕೆಟ್ಟು ಅನಿಲ ಸೇರಿದುದನ್ನು ಗ್ರಿಡ್ಡಿನ ಪ್ರವಾಹದಿಂದ ಗುರುತಿಸುವ ಸೌಕರ್ಯವೂ ಅಷ್ಟೇ ಅವಶ್ಯಕ.

ನಮ್ಮವರಿಗೆ ಈ ವಿಷಯ ಪರಕೀಯವೇನಲ್ಲ. ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ವಾಲ್ವುಗಳ ತಯಾರಿಕೆಗೆ ತೊಡಗಿತು. ಬಿಇಎಲ್ ಮುದ್ರೆಯ ವಾಲ್ವುಗಳು ಹಳೆಯ ರೇಡಿಯೊಗಳಲ್ಲಿ ಇಂದಿಗೂ ದೊರೆಯುತ್ತವೆ. ಅಂಥ ವಾಲ್ವುಗಳನ್ನು ಉಳಿಸಿಕೊಂಡಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಯಂತ್ರ ಕೊಳ್ಳಲು ಹೋಗುವಾಗ, ಮ್ಯೂಚುಯಲ್ ಕಂಡಕ್ಟೆನ್ಸ್ ಖಚಿತವಾಗಿ ತಿಳಿದಿರುವ ಒಂದು ವಾಲ್ವನ್ನು ಜೊತೆಗೆ ಒಯ್ದು, ಮಾರುವವರ ಸಮ್ಮುಖದಲ್ಲಿಯೇ ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಮುಳ್ಳು ನಿಮ್ಮ ಅಂಕೆಯ ಸಮೀಪಕ್ಕೆ ಬಂದರೆ ಮಾತ್ರ ಹಣ ಕೊಡಿರಿ.