ಊರೂರಿಗೆ ಗ್ರಂಥದಾಸೋಹ: ಸಂಚಾರಿ ಗ್ರಂಥಾಲಯದ ದಾರಿ ಮತ್ತು ವೇಳೆ

ಅನ್ನ, ಅಕ್ಷರ, ಜ್ಞಾನಗಳ ತ್ರಿವಿಧ ದಾಸೋಹವು ನಮ್ಮ ಮಠಗಳ ಹಿರಿಮೆಯಾಗಿದೆ. ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಉಳಿದಿದ್ದ ತಾಡೋಲೆ ಕಟ್ಟುಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಹಳ್ಳಿಗಳಿಂದ ಹೊರಬಂದ ಆ ಸಂಪತ್ತು ಮರಳಿ ಹಳ್ಳಿಗಳನ್ನು ಮುಟ್ಟಬೇಕಾದರೆ ಗ್ರಂಥಗಳೂ ಜಂಗಮಸ್ವರೂಪವನ್ನು ತಾಳಬೇಕು.

ಈ ಮಾರ್ಗ ಹೊಸದೇನಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿಯೇ ಪುಸ್ತಕದ ಪೆಟ್ಟಿಗೆಗಳು ಊರೂರಿಗೆ ಹೋಗುತ್ತಿದ್ದವು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಅದೇ ವರ್ಷ ಪ್ರಕಟವಾದ ಡಾ. ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯದ ಉಳಿತಾಯಕ್ಕೆ ಸಂಬಂಧಿಸಿದ್ದು. ಸಂಚಾರಿ ಗ್ರಂಥಾಲಯದ ಜೀವಾಳವಿರುವುದು ಇದರಲ್ಲಿಯೇ. ಹೇಳಿದ ದಿನ, ಹೇಳಿದ ವೇಳೆಗೆ ಬಾರದ ವಾಹನಕ್ಕಾಗಿ ಕಾದು ಬರಿಗೈಯಲ್ಲಿ ಹಿಂದಿರುಗಿದ ಮಗು ಮತ್ತೊಮ್ಮೆ ಬರುವುದು ಕಷ್ಟ.

ಒಂದು ಲೆಕ್ಕವನ್ನು ನೋಡೋಣ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ 480 ನಿಮಿಷಗಳು. ಸಿದ್ಧತೆಗೆ 30, ಊಟಕ್ಕೆ 45, ಸುಮಾರು 60 ಕಿಲೋಮೀಟರ್ ಹಳ್ಳಿಯ ದಾರಿಗೆ 120 ನಿಮಿಷಗಳನ್ನು ಕಳೆದರೆ 285 ಉಳಿಯುತ್ತವೆ. ಎಂಟು ಊರುಗಳಿಗೆ ಹಂಚಿದರೆ ಒಂದಕ್ಕೆ 35 ನಿಮಿಷ; ಪುಸ್ತಕ ಜೋಡಿಸಿ ಮರಳಿ ಇಡಲು 10 ಹೋದರೆ ಓದುಗರಿಗೆ ದಕ್ಕುವುದು 25 ಮಾತ್ರ. ಐದೇ ಊರುಗಳಾದರೆ 47 ನಿಮಿಷ ದೊರೆಯುತ್ತದೆ. ಹದಿನೈದು ದಿನಗಳ ಸರದಿಯಲ್ಲಿ 10 ದಿನ ಸಂಚಾರವಿಟ್ಟು, 2 ದಿನಗಳನ್ನು ವಾಹನದ ದುರಸ್ತಿಗೆ ಮತ್ತು ಪುಸ್ತಕಗಳ ವಿಂಗಡಣೆಗೆ ಮೀಸಲಿಟ್ಟರೆ 50 ಊರುಗಳನ್ನು ತಲುಪಬಹುದು. ಪುಸ್ತಕ ಹಿಂದಿರುಗಿಸುವ ಗಡುವೂ ಈ ಸರದಿಗೆ ಹೊಂದಿಕೊಂಡಿರಬೇಕು.

ಹೋದ ದಾರಿಯಲ್ಲಿಯೇ ಮರಳುವುದಕ್ಕಿಂತ ಒಂದು ಸುತ್ತಿನಲ್ಲಿ ಊರುಗಳನ್ನು ಪೋಣಿಸುವುದು ಲೇಸು. ಆ ಸುತ್ತನ್ನು ಎಡದಿಂದಲೂ ಬಲದಿಂದಲೂ ಸಾಗಬಹುದಾದ್ದರಿಂದ, ಕೂಲಿಗೆ ಹೋಗುವವರು ಹೆಚ್ಚಿರುವ ಊರು ಸಂಜೆಗೆ, ಶಾಲೆಯಿರುವ ಊರು ಮಕ್ಕಳ ಬಿಡುವಿನ ವೇಳೆಗೆ ಬರುವಂತೆ ದಿಕ್ಕನ್ನು ಆರಿಸಬೇಕು. ತಾಯಂದಿರ ಬಿಡುವು ಯಾವಾಗೆಂಬುದನ್ನು ಅವರನ್ನೇ ಕೇಳಬೇಕು. ಸಂತೆಯ ದಿನ ಸುತ್ತಲಿನ ಹಳ್ಳಿಗಳು ಬರಿದಾಗುತ್ತವೆ. ಅಂದು ವಾಹನವು ಸಂತೆಯ ಊರಿನಲ್ಲಿರುವುದೇ ಒಳಿತು. ಎರೆಮಣ್ಣಿನ ದಾರಿಗಳಿಗೆ ಮಳೆಗಾಲದ ಬದಲಿ ಮಾರ್ಗವನ್ನು ಮೊದಲೇ ಗೊತ್ತುಮಾಡಬೇಕು.

ಆದರೆ ದಾರಿಯಿಂದ ದೂರವಾದ, ಹತ್ತಾರು ಮನೆಗಳ ತಾಂಡಾ ಅಥವಾ ಕೇರಿಯ ಗತಿಯೇನು? ಲೆಕ್ಕವು ಅದನ್ನು ಬಿಡೆನ್ನುತ್ತದೆ, ದಾಸೋಹಧರ್ಮವು ಬಿಡಲೊಪ್ಪದು. ಇಲ್ಲಿ ಬರೋಡೆಯ ಪೆಟ್ಟಿಗೆಯೇ ನೆರವಾಗಬಲ್ಲುದು. ಆ ಊರಿನ ಶಿಕ್ಷಕಿಯೋ ಯುವಕನೋ ಹೊಣೆ ಹೊತ್ತರೆ, ಸಮೀಪದ ನಿಲುಗಡೆಯಲ್ಲಿ ಪೆಟ್ಟಿಗೆಯನ್ನು ಒಪ್ಪಿಸಿ, ಮುಂದಿನ ಸರದಿಯಲ್ಲಿ ಬದಲಾಯಿಸಿಕೊಡಬಹುದು. ಹೀಗೆ ಯಾರ ವೇಳೆಯೂ ಕಡಿತವಾಗದು, ಯಾವ ಊರೂ ಹೊರಗುಳಿಯದು.

ಮಠಗಳು, ದತ್ತಿ ಸಂಸ್ಥೆಗಳು ಮತ್ತು ಅಕ್ಕನ ಬಳಗಗಳು ವಾಹನವನ್ನು ಕೊಳ್ಳುವ ಮುನ್ನ ಒಂದು ನಕ್ಷೆ, ಒಂದು ಗಡಿಯಾರ ಹಿಡಿದು ಆ ದಾರಿಯಲ್ಲಿ ಒಮ್ಮೆ ಸುತ್ತಿ ಬರಲೆಂದು ನಾವು ವಿನಂತಿಸುತ್ತೇವೆ. ವೇಳಾಪಟ್ಟಿಯನ್ನು ಪ್ರತಿ ಊರಿನ ಗುಡಿ, ಶಾಲೆ, ಪಂಚಾಯಿತಿ ಕಟ್ಟೆಗಳಲ್ಲಿ ಬರೆಸಿರಿ. ಬರೆಸಿದ ಮೇಲೆ ನುಡಿದಂತೆ ನಡೆಯಿರಿ. ಕಾಯಕನಿಷ್ಠೆಗೆ ಅದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.